ಎದುರಿಗೆ ಕೂತವರು



ಪಿಯಾನೊ ನುಡಿಸುವುದಕ್ಕೂ ಚದುರಂಗ ಆಡುವುದಕ್ಕೂ ಏನೋ ನಂಟಿದೆ ಎಂದು ಬಹಳ ಜನ ಹೇಳುತ್ತಾರೆ. ಎರಡರಲ್ಲೂ ಕಪ್ಪು ಬಿಳುಪು ಇದೆ, ಎರಡಕ್ಕೂ ಲೆಕ್ಕಾಚಾರ ಬೇಕು, ಗಂಟೆಗಟ್ಟಲೆ ಕೂರುವ ತಾಳ್ಮೆ ಬೇಕು ಎನ್ನುತ್ತಾರೆ. ಇವೆಲ್ಲ ಮೇಲ್ನೋಟದ ಹೋಲಿಕೆಗಳು. ಒಳಗಿನ ನಂಟು ಏನೆಂದು ತಿಳಿಯಬೇಕಾದರೆ ಎರಡನ್ನೂ ಬದುಕಿದವರನ್ನೇ ನೋಡಬೇಕು. ಅಂಥವರೊಬ್ಬರು ಮಾರ್ಕ್ ತೈಮನೊವ್.

ತೈಮನೊವ್ ಹುಟ್ಟಿದ್ದು 1926ರಲ್ಲಿ, ಉಕ್ರೇನಿನ ಖಾರ್ಕಿವ್‌ನಲ್ಲಿ. ಬೆಳೆದದ್ದು ಲೆನಿನ್‌ಗ್ರಾಡ್‌ನಲ್ಲಿ. ಸಂಗೀತ ಕಲಿಯುತ್ತಿದ್ದ ಈ ಹುಡುಗನಿಗೆ ಹತ್ತು ಹನ್ನೊಂದರ ವಯಸ್ಸಿನಲ್ಲಿ ಒಂದು ಸಿನಿಮಾದಲ್ಲಿ ಪಿಟೀಲು ನುಡಿಸುವ ಬಾಲಕನ ಪಾತ್ರ ಸಿಕ್ಕಿತು. 'ಬೀಥೋವನ್ ಕನ್ಸರ್ಟೊ' ಎಂಬ ಆ ಚಿತ್ರದಿಂದ ಹೆಸರು ಬಂತು. ಊರಿನಲ್ಲಿ ಹೊಸದಾಗಿ ತೆರೆದಿದ್ದ ಮಕ್ಕಳ ಅರಮನೆಗೆ ಕರೆ ಬಂತು. ಯಾವ ವಿಭಾಗ ಸೇರುತ್ತೀಯ ಎಂದಾಗ ಹುಡುಗ ಆರಿಸಿಕೊಂಡದ್ದು ಚದುರಂಗವನ್ನು. ಅಲ್ಲಿ ಪಾಠ ಹೇಳುತ್ತಿದ್ದವರಲ್ಲಿ ಒಬ್ಬರು ಮುಂದೆ ವಿಶ್ವ ಚಾಂಪಿಯನ್ ಆದ ಮಿಖಾಯಿಲ್ ಬೊತ್ವಿನ್ನಿಕ್. ಅಲ್ಲಿಂದಾಚೆಗೆ ತೈಮನೊವ್ ಎರಡರಲ್ಲಿ ಯಾವುದನ್ನೂ ಬಿಡಲಿಲ್ಲ. 1956ರಲ್ಲಿ ಸೋವಿಯತ್ ಒಕ್ಕೂಟದ ಚದುರಂಗ ಚಾಂಪಿಯನ್ ಆದರು. ಸಿಸಿಲಿಯನ್ ಡಿಫೆನ್ಸ್ ಎಂಬ ಆರಂಭದ ನಡೆಗಳಲ್ಲಿ ಒಂದು ದಾರಿಗೆ ಇಂದಿಗೂ ಅವರ ಹೆಸರೇ ಇದೆ. ಇತ್ತ ಹೆಂಡತಿ ಲ್ಯುಬೊವ್ ಬ್ರುಕ್ ಜತೆಗೂಡಿ ದೇಶ ವಿದೇಶಗಳಲ್ಲಿ ಪಿಯಾನೊ ಕಛೇರಿ ನಡೆಸಿದರು.

ಗಂಡ ಹೆಂಡತಿ ಇಬ್ಬರೂ ನುಡಿಸುತ್ತಿದ್ದದ್ದು ಎರಡು ಪಿಯಾನೊಗಳ ಮೇಲೆ. ವೇದಿಕೆಯಲ್ಲಿ ಎರಡು ದೊಡ್ಡ ಪಿಯಾನೊಗಳನ್ನು ಒಂದರ ಬಳುಕಿಗೆ ಇನ್ನೊಂದು ಹೊಂದಿಕೊಳ್ಳುವಂತೆ ಜೋಡಿಸಿ ಇಡುತ್ತಾರೆ. ನುಡಿಸುವವರು ಆ ತುದಿಗೊಬ್ಬರು ಈ ತುದಿಗೊಬ್ಬರು ಎದುರುಬದುರಾಗಿ ಕೂರುತ್ತಾರೆ. ನಡುವೆ ಅಷ್ಟುದ್ದದ ಮರದ ಮೈ. ಒಬ್ಬರ ಕೈ ಇನ್ನೊಬ್ಬರಿಗೆ ಕಾಣುವುದಿಲ್ಲ. ಕಾಣುವುದು ಮುಖ, ಭುಜ, ಉಸಿರು ತೆಗೆದುಕೊಳ್ಳುವಾಗ ಸ್ವಲ್ಪ ಏಳುವ ಎದೆ, ಅಷ್ಟೇ. ವೀಣೆಯಲ್ಲೋ ಪಿಟೀಲಿನಲ್ಲೋ ಆದರೆ ಸ್ವರವನ್ನು ಹಿಡಿದು ಎಳೆದು ಸರಿಮಾಡಿಕೊಳ್ಳಬಹುದು. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿಯಿತೆಂದರೆ ಮುಗಿಯಿತು, ಸ್ವರ ಹುಟ್ಟಿಬಿಟ್ಟಿತು. ಇಬ್ಬರ ನಡುವೆ ಕಣ್ಣೆವೆ ಇಕ್ಕುವಷ್ಟು ವ್ಯತ್ಯಾಸವಾದರೂ ಒಂದಾಗಿ ಕೇಳಬೇಕಾದ ಸ್ವರ ಎರಡಾಗಿ ಕೇಳುತ್ತದೆ. ಹಾಗಾಗಿ ಎದುರಿನವರು ನುಡಿಸಿದ ಮೇಲೆ ನುಡಿಸುತ್ತೇನೆ ಎಂದರೆ ಆಗದು. ಅವರು ಈಗ ನುಡಿಸಲಿದ್ದಾರೆ ಎನ್ನುವುದು ಮೊದಲೇ ತಿಳಿದಿರಬೇಕು.

ಚದುರಂಗದ ಮಣೆಯ ಮುಂದೆಯೂ ಇದೇ ಮನುಷ್ಯ ಕೂರುತ್ತಿದ್ದದ್ದು ಎದುರಿಗೊಬ್ಬರನ್ನು ಇಟ್ಟುಕೊಂಡೇ. ಅಲ್ಲೂ ಎದುರಿನವರ ಮುಂದಿನ ನಡೆ ಅವರ ಕೈ ಏಳುವ ಮೊದಲೇ ತಿಳಿಯಬೇಕು. ಪಿಯಾನೊದ ಮುಂದೆ ಅದನ್ನು ತಿಳಿಯುವುದು ಅವರ ಜತೆ ಸೇರುವುದಕ್ಕೆ. ಮಣೆಯ ಮುಂದೆ ತಿಳಿಯುವುದು ಅವರನ್ನು ತಡೆಯುವುದಕ್ಕೆ. ಉದ್ದೇಶ ಬೇರೆ, ಆದರೆ ಇನ್ನೊಬ್ಬರ ಮನಸ್ಸಿನ ಕಡೆಗೆ ಅಷ್ಟು ತೀವ್ರವಾಗಿ ಗಮನ ಇಡುವ ಕೆಲಸ ಒಂದೇ. ನನ್ನ ಮಟ್ಟಿಗೆ ಪಿಯಾನೊಕ್ಕೂ ಚದುರಂಗಕ್ಕೂ ಇರುವ ನಿಜವಾದ ನಂಟು ಇದು.

ಈ ಗಮನ ಬರಿಗೈಯಲ್ಲಿ ಬರುವುದಿಲ್ಲ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ವಿದ್ವಾಂಸರು ಒಂದು ಪ್ರಯೋಗ ಪ್ರಕಟಿಸಿದರು. ನಿಜವಾಗಿ ಆಡಿದ ಆಟವೊಂದರ ನಡುಘಟ್ಟವನ್ನು ಐದು ಸೆಕೆಂಡು ತೋರಿಸಿ ಮುಚ್ಚಿಬಿಟ್ಟರು. ಪಳಗಿದ ಆಟಗಾರ ಬಹುಪಾಲು ಕಾಯಿಗಳನ್ನು ಆಯಾ ಮನೆಯಲ್ಲೇ ಮತ್ತೆ ಇಟ್ಟ. ಹೊಸಬನಿಗೆ ನಾಲ್ಕೈದು ನೆನಪಿದ್ದರೆ ಹೆಚ್ಚು. ಅದೇ ಕಾಯಿಗಳನ್ನು ಅಡ್ಡಾದಿಡ್ಡಿ ಹರಡಿ ತೋರಿಸಿದಾಗ ಪಳಗಿದವನೂ ಹೊಸಬನೂ ಒಂದೇ ಆಗಿಬಿಟ್ಟರು. ಅಂದರೆ ಆಟಗಾರ ಕಾಣುವುದು ಬಿಡಿ ಕಾಯಿಗಳನ್ನಲ್ಲ, ಅವುಗಳ ನಡುವಿನ ಸಂಬಂಧವನ್ನು. ಪಿಯಾನೊ ವಾದಕರೂ ಬರೆದಿಟ್ಟ ಸ್ವರಗಳನ್ನು ಒಂದೊಂದಾಗಿ ಓದುವುದಿಲ್ಲ. ಗೊಂಚಲು ಗೊಂಚಲಾಗಿ ಓದುತ್ತಾರೆ, ಕಣ್ಣು ಬೆರಳಿಗಿಂತ ಯಾವಾಗಲೂ ಮುಂದಿರುತ್ತದೆ. ಅಷ್ಟು ವರ್ಷದ ಸಾಧನೆ ಒಳಗೆ ಇಳಿದಿದ್ದಾಗಲೇ ತಲೆ ಎತ್ತಿ ಎದುರಿನವರನ್ನು ನೋಡುವ ಬಿಡುವು ಸಿಗುತ್ತದೆ.

ಎರಡನ್ನೂ ಹಚ್ಚಿಕೊಂಡವರು ತೈಮನೊವ್ ಒಬ್ಬರೇ ಅಲ್ಲ. ರಷ್ಯದ ಸಂಗೀತಕಾರ ಸರ್ಗೇಯ್ ಪ್ರೊಕೊಫಿಯೆವ್ ಅವರಿಗೂ ಚದುರಂಗದ ಹುಚ್ಚು. 1914ರ ವಸಂತದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಸಂಗೀತ ಶಾಲೆಯಲ್ಲಿ ತಾವೇ ರಚಿಸಿದ ಕನ್ಸರ್ಟೊ ನುಡಿಸಿ ಬಹುಮಾನವಾಗಿ ಒಂದು ಪಿಯಾನೊವನ್ನೇ ಗೆದ್ದರು. ಅದೇ ವಸಂತದಲ್ಲಿ, ಅದೇ ಊರಿನಲ್ಲಿ, ಏಕಕಾಲಕ್ಕೆ ಹಲವರೊಡನೆ ಆಡುತ್ತಿದ್ದ ಕ್ಯೂಬಾದ ಚದುರಂಗ ಆಟಗಾರ ಕಾಪಾಬ್ಲಾಂಕಾ ಅವರನ್ನು ಒಂದು ಆಟದಲ್ಲಿ ಸೋಲಿಸಿದರು. 1937ರಲ್ಲಿ ಮಾಸ್ಕೋದಲ್ಲಿ ಪಿಟೀಲು ವಿದ್ವಾಂಸ ಡೇವಿಡ್ ಒಯಿಸ್ಟ್ರಾಖ್ ಜತೆ ಪಂದ್ಯಕ್ಕೇ ಕೂತರು. ಸೋತವರು ಕಲಾವಿದರಿಗಾಗಿ ಕಛೇರಿ ಕೊಡಬೇಕು ಎನ್ನುವುದು ಕರಾರು!

ನಮ್ಮ ಮೈಸೂರು ಅರಮನೆಯಲ್ಲೂ ಈ ಎರಡು ಒಲವು ಇದ್ದವು, ಬೇರೆ ಬೇರೆ ಕಾಲದಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದು ಮಣೆಯ ಪ್ರತಿ ಮನೆಗೂ ಒಂದೇ ಒಂದು ಸಲ ಕಾಲಿಡುವಂತೆ ನಡೆಸುವ ಬಂಧಗಳನ್ನು ರಚಿಸಿದರು. ಅದು ಎದುರಾಳಿಯೇ ಇಲ್ಲದ ಚದುರಂಗ. ಮುಂದೆ ಜಯಚಾಮರಾಜ ಒಡೆಯರು ಪಿಯಾನೊ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದರು. ಪಿಯಾನೊ ವಾದಕನಾಗುವ ಆಸೆ ಇದ್ದರೂ ಪಟ್ಟ ಏರಬೇಕಾಯಿತು. ಲಂಡನ್ನಿನಲ್ಲಿ ಮರೆಗೆ ಸರಿದಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು, 1940ರ ದಶಕದ ಕೊನೆಯಲ್ಲಿ, ತಾವೇ ಹಣ ಕೊಟ್ಟು ಧ್ವನಿಮುದ್ರಿಸಲು ನೆರವಾದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ. ನುಡಿಸುವವರ ಎದುರಿಗೆ ಕೂತು ಕೇಳುವುದೂ ಒಂದು ದೊಡ್ಡ ಕೆಲಸ ಎಂದು ನಮ್ಮ ಮಹಾರಾಜರು ಬಲ್ಲವರಾಗಿದ್ದರು.

ಮತ್ತೆ ತೈಮನೊವ್ ವಿಷಯಕ್ಕೆ ಬರುತ್ತೇನೆ. 1971ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಅವರ ಎದುರಿಗೆ ಕೂತವರು ಅಮೆರಿಕದ ಆಟಗಾರ ಬಾಬಿ ಫಿಷರ್. ಆರು ಆಟ, ಆರೂ ಸೋಲು. ಒಂದು ಡ್ರಾ ಕೂಡ ಇಲ್ಲ. ಹೋಗಲಿ, ನನಗೆ ಸಂಗೀತವಾದರೂ ಇದೆಯಲ್ಲ ಎಂದು ಆಗ ಅವರು ಹೇಳಿದರಂತೆ. ಊರಿಗೆ ಮರಳಿದಾಗ ವಿಮಾನ ನಿಲ್ದಾಣದಲ್ಲಿ ಸಾಮಾನು ತಪಾಸಣೆಯಾಯಿತು, ಲೇಖಕ ಸೊಲ್ಜೆನಿತ್ಸಿನ್ ಅವರ ನಿಷಿದ್ಧ ಪುಸ್ತಕವೊಂದು ಸಿಕ್ಕಿತು. ಸರ್ಕಾರ ಕ್ರೀಡಾ ಬಿರುದು ಕಿತ್ತುಕೊಂಡಿತು, ಸಂಬಳ ನಿಲ್ಲಿಸಿತು, ವಿದೇಶಕ್ಕೆ ಹೋಗದಂತೆ ತಡೆಯಿತು. ಆ ವರ್ಷಗಳಲ್ಲೇ ದಾಂಪತ್ಯವೂ ಮುರಿಯಿತು, ಜೋಡಿ ವಾದನವೂ ನಿಂತಿತು. ಆದರೂ ಅವರು ಆಟವನ್ನೂ ಬಿಡಲಿಲ್ಲ, ವಾದ್ಯವನ್ನೂ ಬಿಡಲಿಲ್ಲ. 1993 ಮತ್ತು 1994ರಲ್ಲಿ ಹಿರಿಯರ ವಿಶ್ವ ಚಾಂಪಿಯನ್ ಆದರು. ತೀರಿಕೊಂಡದ್ದು 2016ರಲ್ಲಿ, ತೊಂಬತ್ತು ದಾಟಿದ ಮೇಲೆ.

ಅಷ್ಟು ವರ್ಷದ ಪಿಯಾನೊ ಸಾಧನೆ ಫಿಷರ್ ಎದುರು ಅವರಿಗೆ ಅರ್ಧ ಅಂಕವನ್ನೂ ತಂದುಕೊಡಲಿಲ್ಲ. ಇದನ್ನು ನಾವು ತಂದೆ ತಾಯಂದಿರು ಗಮನಿಸಬೇಕು. ಚೆಸ್ ಕಲಿತರೆ ಗಣಿತ ಬರುತ್ತದೆ, ಕೀಬೋರ್ಡ್ ಕಲಿತರೆ ಬುದ್ಧಿ ಚುರುಕಾಗುತ್ತದೆ ಎಂದು ಮಕ್ಕಳನ್ನು ಕ್ಲಾಸಿಗೆ ಸೇರಿಸುತ್ತೇವೆ. ಜೊವಾನಿ ಸಾಲಾ ಮತ್ತು ಫರ್ನಾಂಡ್ ಗೋಬೆ ಎಂಬ ಸಂಶೋಧಕರು ಇಂಥ ಅನೇಕ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2017ರಲ್ಲಿ ಒಂದು ಲೇಖನ ಬರೆದರು. ಚದುರಂಗವಾಗಲಿ ಸಂಗೀತವಾಗಲಿ ಉಳಿದ ವಿಷಯಗಳಲ್ಲಿ ಬುದ್ಧಿಯನ್ನು ಬೆಳೆಸುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರ ಅವರಿಗೆ ಸಿಗಲಿಲ್ಲ. ಗೋಬೆ ಸ್ವತಃ ಚದುರಂಗದಲ್ಲಿ ಇಂಟರ್‌ನ್ಯಾಷನಲ್ ಮಾಸ್ಟರ್. ಆಟವನ್ನು ಪ್ರೀತಿಸುವವರೇ ಹೀಗೆ ಹೇಳಿದ್ದಾರೆಂದರೆ ನಾವು ನಂಬಬೇಕು.

ಮಕ್ಕಳು ಪಿಯಾನೊವನ್ನು ಪಿಯಾನೊಕ್ಕಾಗಿ ಕಲಿಯಲಿ, ಚದುರಂಗವನ್ನು ಚದುರಂಗಕ್ಕಾಗಿ ಆಡಲಿ. ಮಗುವನ್ನು ಕ್ಲಾಸಿಗೆ ಬಿಟ್ಟು, ಹೊರಗೆ ಮೊಬೈಲ್ ನೋಡುತ್ತಾ ಕಾದು, ಮನೆಗೆ ಕರೆತಂದರೆ ನಮ್ಮ ಕೆಲಸ ಮುಗಿಯಲಿಲ್ಲ. ಇವತ್ತು ಸಂಜೆ ಮಗು ನುಡಿಸುವಾಗ ಪಕ್ಕದಲ್ಲಿ ಕೂತು ಕೊನೆಯವರೆಗೂ ಕೇಳಿ. ಮಣೆ ಹಾಸಿ ಎದುರಿಗೆ ಕೂತು ಒಂದು ಆಟ ಆಡಿ. ಆಡಲು ಬಾರದಿದ್ದರೆ ಮಗುವಿನಿಂದಲೇ ಕಲಿಯಿರಿ.