ಕರಸ್ಥಲವೂ ಕೈಯಂತ್ರವೂ

(ಶ್ರೀಮಠದ ಸುವರ್ಣ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ನಿತ್ಯಜೀವನದಲ್ಲಿ ನಾವು ಮೈಮೇಲೆ ಧರಿಸಿ, ಕೈಯಲ್ಲಿ ಹಿಡಿದು ಬಳಸುವ ಸಣ್ಣ ಯಂತ್ರಗಳನ್ನು ಕುರಿತು ನಾಲ್ಕು ಮಾತುಗಳನ್ನು ಆಡಬೇಕೆಂದು ಶ್ರೀಗಳವರ ಅಪ್ಪಣೆಯಾಗಿರುವುದು. ಷಟ್‌ಸ್ಥಲವನ್ನೋ ಅಷ್ಟಾವರಣವನ್ನೋ ಕುರಿತು ಮಾತನಾಡಲು ನನಗಿಂತ ನೂರ್ಮಡಿ ಬಲ್ಲವರು ಈ ವೇದಿಕೆಯ ಮೇಲಿರುವರು. ನನ್ನ ಪಾಲಿಗೆ ಬಂದ ವಿಷಯವು ಅಂಗಡಿಬೀದಿಯದೆಂದು ಮೊದಲು ನನಗೆ ತೋರಿತು. ಯೋಚಿಸುತ್ತ ಹೋದಂತೆ ಇದು ನಮ್ಮ ಪೂಜೆಯ ಕೋಣೆಗೇ ಸಂಬಂಧಿಸಿದ ವಿಷಯವೆಂದು ಮನವರಿಕೆಯಾಯಿತು. ಅದು ಹೇಗೆಂಬುದನ್ನು ವಿಜ್ಞಾಪಿಸುವೆನು.

ನಮ್ಮ ತಂದೆಯವರ ಕೈಗಡಿಯಾರದಿಂದ ಪ್ರಾರಂಭಿಸುವೆನು. ನಮ್ಮ ಅಜ್ಜನವರ ಕಾಲದಲ್ಲಿ ನೆರಳನ್ನು ನೋಡಿ ಹೊತ್ತನ್ನು ತಿಳಿಯುತ್ತಿದ್ದರು. ಮಠದ ಗಂಟೆಯನ್ನು ಕೇಳಿ ಎಚ್ಚರಗೊಳ್ಳುತ್ತಿದ್ದರು. 1906ರ ಜನವರಿ 1ರಿಂದ ಭಾರತಕ್ಕೆ ಒಂದು ಪ್ರಮಾಣಕಾಲವು ಗೊತ್ತಾಯಿತಾದರೂ, ಅದು ರೈಲುನಿಲ್ದಾಣದ ಗೋಡೆಯ ಮೇಲೆ ಇದ್ದಿತೇ ಹೊರತು ರೈತನ ಮೈಮೇಲೆ ಇರಲಿಲ್ಲ. ಪಶ್ಚಿಮ ದೇಶಗಳಲ್ಲಿ ಕೈಗಡಿಯಾರವನ್ನು ಮೊದಲು ಹೆಂಗಸರ ಆಭರಣವೆಂದು ಎಣಿಸುತ್ತಿದ್ದರು. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಸೈನಿಕರಿಗೆ ಅದರ ಉಪಯೋಗವು ತಿಳಿದ ಮೇಲೆ ಗಂಡಸರ ಮಣಿಕಟ್ಟಿಗೂ ಬಂದಿತು. ನಮ್ಮ ನಾಡಿನಲ್ಲಿ ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದ ತರುವಾಯ ಸಾಮಾನ್ಯ ಸಂಬಳದವರಿಗೂ ಕೈಗಡಿಯಾರವು ದೊರೆಯುವಂತಾಯಿತು. ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಹಲವು ತಿಂಗಳು ಉಳಿತಾಯ ಮಾಡಿ ಅಂತಹದೊಂದನ್ನು ಕೊಂಡರು.

ಆ ಗಡಿಯಾರವು ಮನೆಗೆ ಬಂದ ಮೇಲೆ ಮನೆಯ ನಡೆಯೇ ಬದಲಾಯಿತೆಂದು ನಮ್ಮ ತಾಯಿಯವರು ಹೇಳುತ್ತಿದ್ದರು. ಮೊದಲು ಹಸಿವಾದಾಗ ಊಟವಾಗುತ್ತಿದ್ದಿತು. ಆಮೇಲೆ ಗಂಟೆಯಾದಾಗ ಊಟವಾಗತೊಡಗಿತು. ಐದು ನಿಮಿಷ ತಡವಾಯಿತೆಂಬ ಮಾತು ನಮ್ಮ ಮನೆಯಲ್ಲಿ ಅದುವರೆಗೆ ಹುಟ್ಟಿಯೇ ಇರಲಿಲ್ಲ. ಸಾಧನವು ಸುಮ್ಮನೆ ಬರುವುದಿಲ್ಲ. ತನ್ನೊಡನೆ ಒಂದು ಅಭ್ಯಾಸವನ್ನು ಕೈಹಿಡಿದು ಕರೆದುಕೊಂಡೇ ಬರುವುದು. ಇದನ್ನು ತಂದೆಯವರು ಬಲ್ಲವರಾಗಿದ್ದರೆಂದು ತೋರುವುದು. ಏಕೆಂದರೆ ಬೆಳಗ್ಗೆ ಸ್ನಾನಮಾಡಿ ಪೂಜೆಗೆ ಕುಳಿತುಕೊಳ್ಳುವ ಮುನ್ನ ಅವರು ಗಡಿಯಾರವನ್ನು ಪಡಸಾಲೆಯ ಗೋಡೆಯ ಗೂಡಿನಲ್ಲಿಟ್ಟು ಒಳಗೆ ಹೋಗುತ್ತಿದ್ದರು. ಪೂಜೆಯು ಮುಗಿದು, ಲಿಂಗಯ್ಯನನ್ನು ಕರಡಿಗೆಯಲ್ಲಿ ಬಿಜಯಂಗೈಸಿದ ತರುವಾಯ, ಹೊರಗೆ ಬಂದು ಗಡಿಯಾರಕ್ಕೆ ಚಾವಿ ಕೊಟ್ಟು ಕೈಗೆ ಕಟ್ಟಿಕೊಳ್ಳುತ್ತಿದ್ದರು. ದಿನಕ್ಕೊಮ್ಮೆ ಅವರು ಗಡಿಯಾರಕ್ಕೆ ಚಾವಿ ಕೊಡುತ್ತಿದ್ದರು; ಗಡಿಯಾರವು ಅವರಿಗೆ ಚಾವಿ ಕೊಡಲು ಅವರು ಬಿಡಲಿಲ್ಲ. ಗಡಿಯಾರಗಳನ್ನು ಮಾಡುತ್ತಿದ್ದ ಆ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರವು ತೀರ್ಮಾನಿಸಿತು. ತಂದೆಯವರೂ ಲಿಂಗೈಕ್ಯರಾದರು. ಗಡಿಯಾರವು ಇಂದಿಗೂ ಸರಿಯಾಗಿ ನಡೆಯುತ್ತಿರುವುದು.

ಇನ್ನು ನಮ್ಮ ಕಾಲದ ಕೈಯಂತ್ರವಾದ ಮೊಬೈಲು. 1973ರ ಏಪ್ರಿಲ್ 3ರಂದು ನ್ಯೂಯಾರ್ಕ್ ನಗರದ ಬೀದಿಯಲ್ಲಿ ನಿಂತು ಮಾರ್ಟಿನ್ ಕೂಪರ್ ಎಂಬ ಎಂಜಿನಿಯರು ಮೊದಲಬಾರಿಗೆ ಕೈಯಲ್ಲಿ ಹಿಡಿಯುವ ಮೊಬೈಲಿನಿಂದ ಮಾತನಾಡಿದನು. ಆ ಯಂತ್ರದ ತೂಕವು ಒಂದು ಕಿಲೋಗ್ರಾಮಿಗಿಂತ ಹೆಚ್ಚಾಗಿದ್ದಿತು. ಭಾರತದಲ್ಲಿ 1995ರ ಜುಲೈ 31ರಂದು ಪಶ್ಚಿಮ ಬಂಗಾಲದ ಮುಖ್ಯಮಂತ್ರಿಗಳಾಗಿದ್ದ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದಿಲ್ಲಿಗೆ ಮಾಡಿದ ಕರೆಯೇ ಮೊದಲನೆಯದು. ಅಂದು ಶ್ರೀಮಂತರ ವಸ್ತುವಾಗಿದ್ದುದು ಇಂದು ಹೊಲದ ಬದುವಿನಲ್ಲಿ, ಸಂತೆಯ ಕಟ್ಟೆಯಲ್ಲಿ, ಜಾತ್ರೆಯ ತೇರಿನ ಹಗ್ಗ ಹಿಡಿದವರ ಜೇಬಿನಲ್ಲಿ ಇರುವುದು.

ಇದರಿಂದಾದ ಉಪಕಾರವನ್ನು ಮರೆತರೆ ಕೃತಘ್ನತೆಯಾದೀತು. ಕಾಯಿಪಲ್ಲೆ ಮಾರುವ ತಾಯಿಯು ಇಂದು ಚಿಲ್ಲರೆಗಾಗಿ ಪರದಾಡಬೇಕಾಗಿಲ್ಲ. ರೈತನು ಮಾರುಕಟ್ಟೆಯ ಧಾರಣೆಯನ್ನು ಮನೆಯಲ್ಲಿಯೇ ತಿಳಿದು ಹೊರಡಬಲ್ಲನು. 2020ರ ಮಾರ್ಚ್ 25ರಿಂದ ಮನೆಯ ಹೊಸಿಲು ದಾಟಬಾರದೆಂದು ಆಜ್ಞೆಯಾದಾಗ, ಮಕ್ಕಳ ಪಾಠವೂ ದೂರದ ಮಗನ ಧ್ವನಿಯೂ ಈ ಅಂಗೈಯಗಲದ ಗಾಜಿನ ಮೂಲಕವೇ ಬಂದುವು. ಕಣ್ಣಿಲ್ಲದವರಿಗೆ ಇದು ಓದಿ ಹೇಳುವುದು. ಆದುದರಿಂದ ಇದನ್ನು ಬಾವಿಗೆ ಎಸೆಯಿರಿ ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ನಮ್ಮ ಶರಣರು ಲೋಕವನ್ನು ಬಿಟ್ಟು ಕಾಡಿಗೆ ಹೋದವರಲ್ಲ. ಮಗ್ಗ, ದೋಣಿ, ಉಳಿ, ಕುಡುಗೋಲುಗಳನ್ನು ಹಿಡಿದುಕೊಂಡೇ ಅನುಭವ ಮಂಟಪಕ್ಕೆ ಬಂದವರು. ಸಾಧನವನ್ನು ಹಳಿಯುವುದು ನಮ್ಮ ಸಂಪ್ರದಾಯವಲ್ಲ.

ಆದರೆ ಒಂದು ಸಂಗತಿಯನ್ನು ಈ ಸಭೆಯಲ್ಲಿ ಮುಚ್ಚಿಡದೆ ಹೇಳಿಕೊಳ್ಳಬೇಕಾಗಿರುವುದು. ಕೆಲವು ವರ್ಷಗಳಿಂದ ನಾನು ಪೂಜೆಯ ವೇಳೆಯಲ್ಲಿ ಮಂತ್ರಪಠಣವನ್ನು ಕೇಳುವುದಕ್ಕೆಂದು ಮೊಬೈಲನ್ನು ಮಣೆಯ ಪಕ್ಕದಲ್ಲಿ ಇಟ್ಟುಕೊಳ್ಳುವ ರೂಢಿಯನ್ನು ಮಾಡಿಕೊಂಡೆನು. ಕಾರಣವು ಒಳ್ಳೆಯದೇ ಆಗಿದ್ದಿತು. ಹೋದ ಶ್ರಾವಣ ಮಾಸದ ಒಂದು ಸೋಮವಾರ ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನು ಬಿಜಯಂಗೈಸಿಕೊಂಡು ದೃಷ್ಟಿಯನ್ನು ನಿಲ್ಲಿಸಿದ್ದೆನು. ಮಂತ್ರದ ನಡುವೆ ಸಂದೇಶ ಬಂದ ಸದ್ದಾಯಿತು. ನಾನು ಯೋಚಿಸಲಿಲ್ಲ, ನಿಶ್ಚಯಿಸಲಿಲ್ಲ. ನನ್ನ ಬಲಗೈಯು ತಾನಾಗಿಯೇ ಹೋಗಿ ಆ ಯಂತ್ರವನ್ನು ಎತ್ತಿಕೊಂಡಿತು. ಹೆಬ್ಬೆರಳು ಸಂದೇಶವನ್ನು ತೆರೆಯಿತು. ಬೆಳಗಿನ ಶುಭಾಶಯಕ್ಕಾಗಿ ಯಾರೋ ಕಳುಹಿಸಿದ್ದ ಚಿತ್ರವದು. ಅದರಲ್ಲಿ ಹೂವುಗಳ ನಡುವೆ ಒಂದು ಲಿಂಗವನ್ನು ಬರೆದಿದ್ದರು. ಕರಸ್ಥಲದ ಲಿಂಗವನ್ನು ಬಿಟ್ಟು ನಾನು ಚಿತ್ರದ ಲಿಂಗವನ್ನು ನೋಡಲು ಹೋಗಿದ್ದೆನು! ಹೂವಿನ ಬುಟ್ಟಿಯನ್ನು ತಂದ ನನ್ನ ಧರ್ಮಪತ್ನಿಯು ಬಾಗಿಲಲ್ಲಿ ನಿಂತು ಇದನ್ನು ಕಂಡಳು. “ಪೂಜಿ ಯಾವ ಕೈಯಾಗ ನಡದೈತ್ರಿ?” ಎಂದು ಕೇಳಿದಳು. ಉತ್ತರವು ನನ್ನಲ್ಲಿ ಇರಲಿಲ್ಲ. ಅಂದಿನಿಂದ ಆ ಪ್ರಶ್ನೆಯು ನನ್ನನ್ನು ಬಿಟ್ಟಿಲ್ಲ. ಇಂದು ನಾನು ಆಡುತ್ತಿರುವುದೆಲ್ಲ ಅದಕ್ಕೆ ಉತ್ತರವನ್ನು ಹುಡುಕುವ ಪ್ರಯತ್ನವೇ ಆಗಿರುವುದು.

ಕೈಯು ತಾನಾಗಿಯೇ ಹೋದುದು ಏಕೆ? ಇದರಲ್ಲಿ ಮಾಟಮಂತ್ರವೇನೂ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಫರ್ಸ್ಟರ್ ಮತ್ತು ಸ್ಕಿನ್ನರ್ ಎಂಬವರು 1957ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಗುಂಡಿಯನ್ನು ಕುಕ್ಕಿದರೆ ಕಾಳು ಬೀಳುವಂತೆ ಏರ್ಪಡಿಸಿ ಪಾರಿವಾಳಗಳನ್ನು ಅವರು ಪರೀಕ್ಷಿಸಿದ್ದರು. ಎಷ್ಟು ಬಾರಿ ಕುಕ್ಕಿದರೆ ಕಾಳು ಬೀಳುವುದೆಂಬುದು ಗೊತ್ತಿಲ್ಲದಂತೆ ಮಾಡಿದಾಗ, ಹಕ್ಕಿಯು ಬಿಡುವಿಲ್ಲದೆ ಕುಕ್ಕುತ್ತಲೇ ಇರುವುದೆಂದು ಕಂಡುಬಂದಿತು. ನಮ್ಮ ಹೆಬ್ಬೆರಳಿನ ಕಥೆಯೂ ಇದೇ. ಹತ್ತು ಬಾರಿ ತೆರೆದರೆ ಒಂಬತ್ತು ಬಾರಿ ಹೊಟ್ಟು, ಒಂದು ಬಾರಿ ಕಾಳು. ಯಾವ ಬಾರಿ ಕಾಳೆಂಬುದು ತಿಳಿಯದಿರುವುದರಿಂದಲೇ ಬೆರಳಿಗೆ ವಿರಾಮವಿಲ್ಲ. ಇದಕ್ಕೆ ಮತ್ತೊಂದು ಉಪಾಯವೂ ಸೇರಿತು. ಪುಸ್ತಕಕ್ಕೆ ಕೊನೆಯ ಪುಟವುಂಟು. ಪತ್ರಿಕೆಗೆ ಕೊನೆಯ ಅಂಕಣವುಂಟು. 2006ರಲ್ಲಿ ಆಜಾ ರಾಸ್ಕಿನ್ ಎಂಬಾತನು, ಓದುತ್ತ ಕೆಳಗೆ ಸರಿಸಿದಂತೆಲ್ಲ ಹೊಸದು ಬರುತ್ತಲೇ ಇರುವ, ಕೊನೆಯೇ ಇಲ್ಲದ ಪುಟವೊಂದನ್ನು ರಚಿಸಿದನು. ಓದುವವರ ಶ್ರಮವನ್ನು ಕಡಮೆ ಮಾಡುವುದು ಅವನ ಉದ್ದೇಶವಾಗಿದ್ದಿತು. ಅದರ ಪರಿಣಾಮವನ್ನು ಕಂಡ ಮೇಲೆ ತಾನೇ ಬಹಿರಂಗವಾಗಿ ಪಶ್ಚಾತ್ತಾಪಪಟ್ಟನು. ನಿಲ್ಲುವ ಸ್ಥಳವನ್ನು ತೆಗೆದುಹಾಕಿದರೆ ಮನುಷ್ಯನು ನಿಲ್ಲುವುದನ್ನೇ ಮರೆಯುವನು.

ಈಗ ನಮ್ಮ ಇಷ್ಟಲಿಂಗದ ವಿಷಯವನ್ನು ಯೋಚಿಸೋಣ. ಅದೂ ಅಂಗೈಯಲ್ಲಿ ಹಿಡಿಯುವ ವಸ್ತುವೇ. ಮೈಮೇಲೆ ಸದಾ ಧರಿಸುವ ವಸ್ತುವೇ. ಗುರುವು ಅದನ್ನು ಶಿಷ್ಯನ ಕರಸ್ಥಲಕ್ಕೆ ಕರುಣಿಸುವನು. ಆದರೆ ನೋಡಿರಿ, ಅದರಲ್ಲಿ ಹೊಸದೇನೂ ಕಾಣಿಸುವುದಿಲ್ಲ. ನಿನ್ನೆ ಇದ್ದಂತೆಯೇ ಇಂದೂ ಇರುವುದು, ಅದು ಕೂಗಿ ಕರೆಯುವುದಿಲ್ಲ, ಬಣ್ಣವನ್ನು ಬದಲಿಸುವುದಿಲ್ಲ. ಅದರ ಮಹಿಮೆಯು ಇರುವುದೇ ಅಲ್ಲಿ. ನೋಡತಕ್ಕ ವಸ್ತುವು ಬದಲಾಗದೆ ಇರುವುದರಿಂದ ನೋಡುವವನ ಮನಸ್ಸು ನಿಲ್ಲುವುದನ್ನು ಕಲಿಯುವುದು. ಮೊಬೈಲಿನಲ್ಲಿ ನೋಡತಕ್ಕ ವಸ್ತುವು ಕ್ಷಣಕ್ಕೊಂದಾಗಿ ಬದಲಾಗುವುದರಿಂದ ನೋಡುವವನ ಮನಸ್ಸು ಓಡುವುದನ್ನು ಕಲಿಯುವುದು. ಎರಡೂ ಅಭ್ಯಾಸಗಳೇ. ಎರಡೂ ಅದೇ ಅಂಗೈಯಲ್ಲಿ, ಅದೇ ಕಣ್ಣಿನಿಂದ ನಡೆಯುವುವು. ಒಂದಕ್ಕೆ ನಾವು ಕೊಡುವುದು ಬೆಳಗಿನ ಅರ್ಧಗಂಟೆ; ಇನ್ನೊಂದಕ್ಕೆ ಕೊಡುವುದು ದಿನದ ಉಳಿದೆಲ್ಲ ಬಿಡುವು. ಹೀಗಿರುವಲ್ಲಿ ಯಾವ ಅಭ್ಯಾಸವು ಗೆಲ್ಲುವುದೆಂದು ನಾನು ಹೇಳಬೇಕಾದುದಿಲ್ಲ.

ಇಬ್ಬರು ಶರಣರ ಕಥೆಗಳನ್ನು ಇಲ್ಲಿ ನೆನೆಯುವೆನು. ತಾವೆಲ್ಲರೂ ಬಲ್ಲವೇ, ಆದರೂ ಇಂದಿನ ನಮ್ಮ ಸ್ಥಿತಿಯೊಡನೆ ಹೋಲಿಸಿ ನೋಡಬೇಕೆಂದು ಪ್ರಾರ್ಥನೆ. ನುಲಿಯ ಚಂದಯ್ಯನವರದು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವ ಕಾಯಕ. ಒಂದು ದಿನ ಹುಲ್ಲು ಕೊಯ್ಯುತ್ತಿದ್ದಾಗ ಅವರ ಇಷ್ಟಲಿಂಗವು ಜಾರಿ ನೀರಿನಲ್ಲಿ ಬಿದ್ದಿತು. ಚಂದಯ್ಯನವರು ಕಾಯಕವನ್ನು ನಿಲ್ಲಿಸಲಿಲ್ಲ. ಲಿಂಗವೇ ಅವರ ಬೆನ್ನುಹತ್ತಿ ಬಂದಿತೆಂದು ಕಥೆಯು ಹೇಳುವುದು. ಕೈಯಲ್ಲಿದ್ದ ಕಾಯಕದಿಂದ ಅವರ ಮನಸ್ಸನ್ನು ಸಾಕ್ಷಾತ್ ಲಿಂಗವೂ ಕದಲಿಸಲಾರದೆ ಹೋಯಿತು. ನಾವಾದರೋ, ಎಲ್ಲಿಯೋ ಇರುವ ಯಾರೋ ಕಳುಹಿಸಿದ ಸದ್ದಿಗೆ ನೇಗಿಲನ್ನೂ ಲೇಖನಿಯನ್ನೂ ತುತ್ತನ್ನೂ ಕೆಳಗಿಡುವೆವು.

ಎರಡನೆಯದು ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆ. ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದರು. ಲಕ್ಕಮ್ಮನವರು ಸಂತೋಷಪಡಲಿಲ್ಲ, ಇಷ್ಟು ನಮಗೆ ಬೇಡವೆಂದು ಹೇಳಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಹೆಚ್ಚು ಸುದ್ದಿಯು ಸೇರಿದಷ್ಟೂ ಗಮನಕ್ಕೆ ಬಡತನ ಬರುವುದೆಂದು ಅಮೆರಿಕದ ಹರ್ಬರ್ಟ್ ಸೈಮನ್ ಎಂಬ ಪಂಡಿತನು 1971ರಲ್ಲಿ ವಿವರಿಸಿದನು. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವನ್ನು ಪಡೆದವನಾತನು. ಬೇಕಾದುದಕ್ಕಿಂತ ಹೆಚ್ಚಾದುದು ಸಂಪತ್ತಲ್ಲ, ಹೊರೆ ಎಂಬುದನ್ನು ನಮ್ಮ ಲಕ್ಕಮ್ಮನವರು ಒಂದು ಮಡಿಲು ಅಕ್ಕಿಯಲ್ಲಿ ಕಂಡಿದ್ದರು. ಮೊಬೈಲು ನಮ್ಮ ಮಡಿಲಿಗೆ ಹಗಲಿರುಳೂ ಅಕ್ಕಿಯನ್ನು ಸುರಿಯುತ್ತಿರುವುದು. ಸಾಕು, ಹಿಂದಕ್ಕೆ ಸುರಿದು ಬಾ ಎಂದು ಹೇಳುವ ಲಕ್ಕಮ್ಮನು ನಮ್ಮೊಳಗೆ ಇರಬೇಕಾಗಿರುವುದು.

ಮಕ್ಕಳ ವಿಷಯವಾಗಿ ತಾಯಂದಿರಲ್ಲಿ ಒಂದು ವಿನಂತಿ. ಅಳುವ ಕೂಸಿನ ಮುಂದೆ ಮೊಬೈಲನ್ನು ಹಿಡಿದು ತುತ್ತು ಉಣಿಸುವುದು ಎಲ್ಲ ಮನೆಗಳಲ್ಲಿಯೂ ರೂಢಿಯಾಗುತ್ತಿರುವುದು. ಎರಡು ವರ್ಷ ತುಂಬದ ಶಿಶುಗಳಿಗೆ ಇಂತಹ ಪರದೆಯು ಬೇಡವೆಂದೂ, 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಯನ್ನು ಮೀರಬಾರದೆಂದೂ, ಅದಕ್ಕಿಂತ ಕಡಮೆಯಾದಷ್ಟೂ ಒಳ್ಳೆಯದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸಲಹೆಯಿತ್ತಿರುವುದು. ತುತ್ತಿನ ರುಚಿಯನ್ನೂ ತಾಯಿಯ ಮುಖವನ್ನೂ ನೋಡದೆ ಉಂಡ ಮಗುವಿಗೆ ಪ್ರಸಾದವೆಂಬ ಮಾತಿನ ಅರ್ಥವನ್ನು ಮುಂದೆ ಯಾವ ಶಾಲೆಯು ತಾನೆ ಕಲಿಸೀತು? ಆದರೆ ಹಿರಿಯರಾದ ನಾವು ಮಾಡದೆ ಮಕ್ಕಳಿಗೆ ಹೇಳುವ ನೀತಿಯು ನೀರಿನ ಮೇಲಿನ ಬರಹವೇ ಸರಿ.

ಹಾಗಾದರೆ ಮಾಡತಕ್ಕುದೇನು? ದೊಡ್ಡ ವ್ರತಗಳನ್ನು ನಾನು ಸೂಚಿಸಲಾರೆನು. ಅವುಗಳನ್ನು ಪಾಲಿಸುವ ಶಕ್ತಿಯು ನನ್ನಲ್ಲಿಯೇ ಇಲ್ಲ. ಮೂರು ಸಣ್ಣ ನಿಯಮಗಳನ್ನು ಮಾತ್ರ ಅರಿಕೆಮಾಡುವೆನು. ಪೂಜೆಯ ವೇಳೆಯಲ್ಲಿ ಈ ಯಂತ್ರವು ಪೂಜೆಯ ಕೋಣೆಯ ಹೊರಗಿರಲಿ. ಮಂತ್ರವನ್ನು ನಮ್ಮ ನಾಲಗೆಯೇ ಹೇಳಲಿ, ತಪ್ಪಿದರೂ ಚಿಂತೆಯಿಲ್ಲ. ಪ್ರಸಾದದ ಪಂಕ್ತಿಯಲ್ಲಿ, ಮಠದಲ್ಲಾಗಲಿ ಮನೆಯಲ್ಲಾಗಲಿ, ಕೈಯಲ್ಲಿ ತುತ್ತು ಇರಲಿ, ಕಣ್ಣಿನಲ್ಲಿ ಎದುರಿಗೆ ಕುಳಿತವರಿರಲಿ. ರಾತ್ರಿ ಮಲಗುವಾಗ ಅದು ತಲೆದಿಂಬಿನ ಕೆಳಗಿರದೆ ಬೇರೆ ಕೋಣೆಯಲ್ಲಿರಲಿ. ದಿನದ ಕೊನೆಯ ನೆನಹು ಶಿವನದಾಗಲಿ. ಉಳಿದ ಹೊತ್ತಿನಲ್ಲಿ ಕಾಯಕಕ್ಕೂ ದಾಸೋಹಕ್ಕೂ ಅದನ್ನು ಧಾರಾಳವಾಗಿ ಬಳಸೋಣ. ದೂರದಲ್ಲಿರುವ ವೃದ್ಧ ಬಂಧುವಿಗೆ ನಾಲ್ಕು ಮಾತು ಆಡಲು ಅದು ನೆರವಾದರೆ ಆ ಹೊತ್ತಿಗೆ ಅದೂ ದಾಸೋಹದ ಸಾಧನವೇ.

ಆ ಸೋಮವಾರದ ಮರುದಿನದಿಂದ ನಾನು ಮೊಬೈಲನ್ನು ಪಡಸಾಲೆಯ ಗೂಡಿನಲ್ಲಿ, ತಂದೆಯವರ ಗಡಿಯಾರದ ಪಕ್ಕದಲ್ಲಿ ಇಟ್ಟು ಒಳಗೆ ಹೋಗುತ್ತಿರುವೆನು. ಮನಸ್ಸು ಪೂರ್ಣವಾಗಿ ನಿಂತಿತೆಂದು ಹೇಳಿದರೆ ಗುರುಸನ್ನಿಧಿಯಲ್ಲಿ ಸುಳ್ಳಾಡಿದಂತಾಗುವುದು. ಕೆಲವು ದಿನ ಕಣ್ಣು ಲಿಂಗದ ಮೇಲಿದ್ದರೂ ಕಿವಿಯು ಗೂಡಿನ ಕಡೆಗೇ ಹೋಗುವುದು. ಬಲಗೈಯ ಹೆಬ್ಬೆರಳು ಬರಿದೆ ಅಲುಗಾಡುವುದೂ ಉಂಟು. ವರ್ಷಗಟ್ಟಲೆ ಕಲಿತುದನ್ನು ಕೈಯು ಒಂದು ತಿಂಗಳಲ್ಲಿ ಮರೆಯಲಾರದು. ಆದರೂ ಮೊನ್ನೆ ಒಂದು ಬೆಳಗ್ಗೆ ಪೂಜೆ ಮುಗಿಸಿ ಎದ್ದಾಗ ಹೊತ್ತು ಎಷ್ಟಾಯಿತೆಂದೂ ಯಾರು ಕರೆದರೆಂದೂ ನನಗೆ ತಿಳಿದಿರಲಿಲ್ಲ. ತಿಳಿಯಬೇಕೆಂಬ ಆತುರವೂ ಇರಲಿಲ್ಲ. ಹೊರಗೆ ಬಂದು ಮೊದಲು ತಂದೆಯವರ ಗಡಿಯಾರಕ್ಕೆ ಚಾವಿ ಕೊಟ್ಟೆನು.

ಐವತ್ತು ವರ್ಷಗಳಿಂದ ಅನ್ನವನ್ನೂ ಅಕ್ಷರವನ್ನೂ ಅರಿವನ್ನೂ ನೀಡುತ್ತ ಬಂದಿರುವ ಈ ಶ್ರೀಮಠದ ಉತ್ಸವದ ನೆನಪಿಗಾಗಿ, ನಾವೆಲ್ಲರೂ ನಮ್ಮ ನಮ್ಮ ಮನೆಗಳಲ್ಲಿ ಅಂತಹದೊಂದು ಗೂಡನ್ನು ಗೊತ್ತುಮಾಡೋಣ. ಗುರುವು ಕರುಣಿಸಿದ ಕರಸ್ಥಲವನ್ನು ಗುರುವು ಕರುಣಿಸಿದ ವಸ್ತುವಿಗೇ ಮೀಸಲಾಗಿಡುವ ಬಲವನ್ನು ಪೂಜ್ಯರು ನಮಗೆಲ್ಲ ಅನುಗ್ರಹಿಸಬೇಕೆಂದು ಬೇಡಿಕೊಳ್ಳುವೆನು.