ಬಿದ್ರಿಯ ಹಕ್ಕು, ವಕೀಲರ ಪಾಠ

ಖಟಕ ಚಿಂಚೋಳಿಯಂಥ ಊರುಗಳಿಂದ ಕಾನೂನು ಓದಿ ಭಾಲ್ಕಿ, ಬೀದರ ಕೋರ್ಟುಗಳಿಗೆ ಬರುವ ಕಿರಿಯ ವಕೀಲರು ಹಿರಿಯರ ಆಫೀಸಿನಲ್ಲಿ ಮೊದಲು ಕಲಿಯುವುದು ಹೊಲದ ತಕರಾರು, ಪಾಲು, ಚೆಕ್ ಬೌನ್ಸ್. ಅದು ಬೇಕಾದದ್ದೇ. ಆದರೆ ವಾರಕ್ಕೊಂದು ಸಂಜೆಯಾದರೂ ಅಲ್ಲಿ ಬೌದ್ಧಿಕ ಆಸ್ತಿಯ ಮಾತು ನಡೆಯಬೇಕು. ಪಾಠಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಬಿದ್ರಿ ಇದೆ.

ಸತು, ತಾಮ್ರ ಬೆರೆಸಿದ ಎರಕದಲ್ಲಿ ಬೆಳ್ಳಿ ಕೂರಿಸಿ, ಬೀದರ ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವ ಈ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಸೂಚಕದ (ಜಿಐ), ಅಂದರೆ ಊರಿನ ಹೆಸರಿಗೆ ಅಂಟಿದ ಬೌದ್ಧಿಕ ಆಸ್ತಿಯ ಮಾನ್ಯತೆ ಸಿಕ್ಕಿತು. 1999ರ ಭೌಗೋಳಿಕ ಸೂಚಕಗಳ ಕಾಯ್ದೆಯ 24ನೇ ಕಲಂ ನನಗೆ ಬಹಳ ಹಿಡಿಸುತ್ತದೆ. ಈ ಹಕ್ಕನ್ನು ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ, ಲೈಸೆನ್ಸ್ ಕೊಡುವಂತಿಲ್ಲ. ಹೊಲ ಸಾಹುಕಾರನ ಪಾಲಾದೀತು, ಇದು ಆಗದು. ಆ ಹೆಸರು ಬಳಸಲು ನೋಂದಾಯಿಸಿಕೊಂಡ, ಅಂದರೆ ಅಧಿಕೃತ ಬಳಕೆದಾರನಾದ ಕುಶಲಕರ್ಮಿ ತೀರಿಕೊಂಡರೆ ಹಕ್ಕು ವಾರಸುದಾರರಿಗೇ ಹೋಗುತ್ತದೆ.

ಆದರೆ ಅಧಿಕೃತ ಬಳಕೆದಾರನೆಂಬ ಹೆಸರು ತಾನಾಗಿ ಬರುವುದಿಲ್ಲ. ಕುಶಲಕರ್ಮಿ ಚೆನ್ನೈನ ನೋಂದಣಿ ಕಚೇರಿಗೆ ಅರ್ಜಿ ಹಾಕಬೇಕು, 10 ವರ್ಷ ತುಂಬುವುದರೊಳಗೆ ನವೀಕರಿಸಬೇಕು. ಎಲ್ಲೋ ಮಾಡಿದ ನಕಲು ಮಾಲು ಬಿದ್ರಿಯೆಂದು ಮಾರಾಟವಾದರೆ ಉಲ್ಲಂಘನೆಯ ದಾವೆ ಹೂಡಲು ಅವನಿಗೆ ಆ ನೋಂದಣಿಯೇ ಆಧಾರ. ಈ ಅರ್ಜಿ ಬರೆಯುವುದನ್ನು ಕಿರಿಯರಿಗೆ ಕಲಿಸಿದ ಹಿರಿಯರು, ಮರುದಿನವೇ ಅವರನ್ನು ಬೀದರಿನ ಬಿದ್ರಿ ಕಾರ್ಖಾನೆಗಳಿಗೆ ಕಳಿಸಲಿ.