ಸಿಹಿ ಇರಲಿ, ಮಿತಿಯೂ ಇರಲಿ



ನಮ್ಮ ನಾಡಿನಲ್ಲಿ ಸಿಹಿಯಿಲ್ಲದೆ ಶುಭಕಾರ್ಯವಿಲ್ಲ. ನಾಮಕರಣವಿರಲಿ, ಲಗ್ನವಿರಲಿ, ಯುಗಾದಿಯಿರಲಿ, ಎಲೆಗೆ ಸಿಹಿ ಬೀಳಲೇಬೇಕು. ಈ ಸಂಪ್ರದಾಯವನ್ನು ತ್ಯಜಿಸಿರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಹಬ್ಬಕ್ಕೊಮ್ಮೆ ಬರುವ ಹೋಳಿಗೆಗಿಂತ, ಅರಿವಿಲ್ಲದಂತೆ ದಿನದಿನವೂ ಹೊಟ್ಟೆ ಸೇರುವ ಸಕ್ಕರೆಯೇ ಹೃದಯಕ್ಕೆ ಹೆಚ್ಚು ಅಪಾಯಕಾರಿ ಎಂಬುದನ್ನು ತಿಳಿಸಬಯಸುತ್ತೇವೆ.

ನಿಮ್ಮ ಮನೆಯ ಲೆಕ್ಕವನ್ನು ನೀವೇ ಹಾಕಿ ನೋಡಿರಿ. ಒಂದು ಚಮಚ ಸಕ್ಕರೆ ಸುಮಾರು 5 ಗ್ರಾಂ. ಲೋಟಕ್ಕೆ 2 ಚಮಚದಂತೆ ದಿನಕ್ಕೆ 4 ಲೋಟ ಚಹಾ ಕುಡಿದರೆ 40 ಗ್ರಾಂ ಆಯಿತು. ಗಂಡಹೆಂಡಿರಿಬ್ಬರಿಗೂ ಸೇರಿ ತಿಂಗಳಿಗೆ ಸುಮಾರು 2.4 ಕಿಲೋ! ದಿನಕ್ಕೆ 2000 ಕ್ಯಾಲೊರಿ ಆಹಾರ ಸೇವಿಸುವವರಿಗೆ ಹೊರಗಿನಿಂದ ಬೆರೆಸುವ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಮಿನೊಳಗಿದ್ದರೆ ಇನ್ನೂ ಉತ್ತಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯ ಸಾರ.

ದೇಹದ ಅಗತ್ಯಕ್ಕೆ ಮೀರಿದ ಸಕ್ಕರೆಯನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸುತ್ತದೆ. ರಕ್ತದಲ್ಲಿ ಕೊಬ್ಬು ಹೆಚ್ಚುತ್ತದೆ, ತೂಕ ಏರುತ್ತದೆ. ಮಧುಮೇಹಕ್ಕೂ ರಕ್ತದ ಒತ್ತಡಕ್ಕೂ ಹಾದಿಯಾಗುತ್ತದೆ. ಇವೆಲ್ಲ ಸೇರಿ ಹೃದಯಕ್ಕೆ ರಕ್ತವೊದಗಿಸುವ ನಾಳಗಳನ್ನು ಕಾಲಕ್ರಮದಲ್ಲಿ ಕಿರಿದಾಗಿಸುತ್ತವೆ. ದುಡಿಯುವ ರೈತನಿಗೆ ಹೃದ್ರೋಗವೆಲ್ಲಿಯದು ಎನ್ನುವಿರಾ? ನೇಗಿಲಿನ ಸ್ಥಾನಕ್ಕೆ ಟ್ರ್ಯಾಕ್ಟರ್ ಬಂದಿದೆ, ಕಾಲ್ನಡಿಗೆಯ ಸ್ಥಾನಕ್ಕೆ ಬೈಕು ಬಂದಿದೆ. ದುಡಿಮೆ ತಗ್ಗಿತು, ಸಕ್ಕರೆ ತಗ್ಗಲಿಲ್ಲ. ದುಡಿಯುವ ಜೀವವೊಂದು ಹಾಸಿಗೆ ಹಿಡಿದರೆ ಇಡೀ ಸಂಸಾರವೇ ತತ್ತರಿಸುವುದಲ್ಲವೇ?

ಸಕ್ಕರೆಯ ಬದಲು ಬೆಲ್ಲವನ್ನೋ ಜೇನನ್ನೋ ಬೇಕಾದಷ್ಟು ತಿನ್ನಬಹುದೆಂಬುದು ತಪ್ಪು ತಿಳುವಳಿಕೆ. ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಾಂಶಗಳಿದ್ದರೂ ಅದರ ಬಹುಭಾಗ ಸಕ್ಕರೆಯೇ. ಹಣ್ಣಿನ ಮಾತು ಬೇರೆ. ಇಡೀ ಹಣ್ಣಿನಲ್ಲಿರುವ ನಾರು ಸಿಹಿಯು ನಿಧಾನವಾಗಿ ರಕ್ತ ಸೇರುವಂತೆ ಮಾಡುತ್ತದೆ. ರಸ ಹಿಂಡಿ ಸೋಸಿದರೆ ಈ ಗುಣ ನಷ್ಟವಾಗುತ್ತದೆ.

ಹಾಗಾದರೆ ಸಿಹಿತಿಂಡಿಯನ್ನು ಹೇಗೆ ಮಾಡಬೇಕು? ಹೆಸರುಬೇಳೆ ಪಾಯಸವನ್ನೇ ತೆಗೆದುಕೊಳ್ಳೋಣ. ಒಂದು ಬಟ್ಟಲು ಬೇಳೆಯನ್ನು ಘಮ್ಮೆನ್ನುವಂತೆ ಹುರಿದು ಬೇಯಿಸಿರಿ. ಬೇಳೆಯಷ್ಟೇ ಬೆಲ್ಲ ಸುರಿಯುವ ಬದಲು ಕಾಲು ಬಟ್ಟಲು ಮಾತ್ರ ಹಾಕಿ ಕುದಿಸಿರಿ. ಇಳಿಸಿ ಆರಿದ ಮೇಲೆ ಹಾಲು, ಕಿವುಚಿದ ಎರಡು ಮಾಗಿದ ಬಾಳೆಹಣ್ಣು, ಏಲಕ್ಕಿ ಪುಡಿ ಬೆರೆಸಿರಿ. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಎಳ್ಳು, ಕಡಲೆ, ಶೇಂಗಾ ಹೆಚ್ಚಿರಲಿ, ಬೆಲ್ಲ ಕಡಿಮೆಯಿರಲಿ. ಉಳಿದ ದಿನಗಳಲ್ಲಿ ಹಿತ್ತಲಿನ ಪಪ್ಪಾಯಿ, ಸೀಬೆಹಣ್ಣುಗಳೇ ಊಟದ ನಂತರದ ಸಿಹಿಯಾಗಲಿ.

ಚಹಾದ ಸಕ್ಕರೆಯನ್ನು ಒಮ್ಮೆಲೇ ಬಿಡಬೇಕಾಗಿಲ್ಲ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿರಿ, ನಾಲಿಗೆ ತಾನಾಗಿಯೇ ಒಗ್ಗುವುದು. ಅತಿಥಿಗಳು ಜಿಪುಣರೆಂದಾರು ಎಂಬ ಅಂಜಿಕೆ ಬೇಡ. ಸಕ್ಕರೆಯನ್ನು ಬೇರೆ ಬಟ್ಟಲಿನಲ್ಲಿಟ್ಟರೆ ಬೇಕಾದವರು ಬೇಕಾದಷ್ಟು ಹಾಕಿಕೊಳ್ಳುವರು.

ಇದು ಗೃಹಿಣಿಯೊಬ್ಬಳ ಹೊಣೆಯಲ್ಲ. ಆಕೆ ಸಕ್ಕರೆ ಕಡಿಮೆ ಮಾಡಿದ ದಿನ ಯಜಮಾನರು ಸಪ್ಪೆಯೆಂದು ಲೋಟ ಸರಿಸಿದರೆ ಪ್ರಯತ್ನವೆಲ್ಲ ವ್ಯರ್ಥ. ಇಬ್ಬರೂ ಕೂಡಿ ನಿರ್ಧರಿಸಿರಿ. ಮಕ್ಕಳು ತಂದೆತಾಯಿಯರನ್ನು ನೋಡಿಯೇ ಕಲಿಯುವರು.

30 ವರ್ಷ ದಾಟಿದ ದಂಪತಿಗಳು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದ ಒತ್ತಡವನ್ನೂ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಬೇಕು. ಈಗಾಗಲೇ ಮಧುಮೇಹವಿರುವವರು ಸಿಹಿ ಬಿಟ್ಟೆವೆಂದು ಔಷಧಿಯನ್ನು ನಿಲ್ಲಿಸಬಾರದು. ಆಹಾರದ ಬದಲಾವಣೆಯನ್ನು ವೈದ್ಯರಿಗೆ ತಿಳಿಸಿ ಮುಂದುವರಿಯಬೇಕು.

ಇಂದು ಸಂಜೆಯ ಚಹಾದಿಂದಲೇ ಅರ್ಧ ಚಮಚ ಕಡಿಮೆ ಮಾಡಿರಿ. ಉಳಿದ ಸಕ್ಕರೆಯ ಹಣದಲ್ಲಿ ಮನೆಗೆ ಹಣ್ಣು ತನ್ನಿರಿ.